ಕುಂಕುಮವೆಂದು ತೊಳೆದ ಎಣ್ಣೆ

ಅಕ್ಟೋಬರಿನ ಬೆಳಗುಗಳಲ್ಲಿ ಅರ್ಧ ನಿದ್ದೆಯಲ್ಲೇ ಕೆಲಸ ಮಾಡುವುದು ನನ್ನ ಅಭ್ಯಾಸ. ಕಣ್ಣು ಪೂರ್ತಿ ತೆರೆಯುವ ಮೊದಲೇ ಕೈಗೆ ಬಕೆಟ್ಟು ಬಂದಿರುತ್ತದೆ, ಕಾಲು ಗೇಟಿನ ಹತ್ತಿರ ಹೋಗಿರುತ್ತದೆ. ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಗಲ್ಲಿಯಲ್ಲಿ ಆ ಹೊತ್ತಿಗೆ ಹಾಲಿನವನ ಸೈಕಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಮಂಜೋ ಹೊಗೆಯೋ ಹೇಳಲಾಗದ ಒಂದು ಬಿಳುಪು ಎದುರು ಮನೆಯ ಅರ್ಧವನ್ನು ನುಂಗಿ ಕೂತಿರುತ್ತದೆ. ಪಕ್ಕದವರ ಪಾರಿಜಾತದ ಗಿಡ ನಮ್ಮ ಕಾರು ನಿಲ್ಲಿಸುವ ಜಾಗದ ಮೇಲೆ ಬಾಗಿತ್ತು. ರಾತ್ರಿಯೆಲ್ಲ ಉದುರಿದ ಹೂವು ಕಾರಿನ ನೆತ್ತಿಯ ಮೇಲೆ, ಬಾನೆಟ್ಟಿನ ಮೇಲೆ, ನೆಲದ ಮೇಲೆ. ಆ ಹೂವಿನ ನಡುವೆ ನಿಂತರೆ ಇದು ಯಾವ ಊರು, ನನಗೆ ವಯಸ್ಸೆಷ್ಟು ಎನ್ನುವುದು ಒಂದು ಗಳಿಗೆ ಮರೆತುಹೋಗುತ್ತಿತ್ತು. ನೀರು ಚೆಲ್ಲಿದಾಗ ಕಾಲಿಗೆ ತಣ್ಣಗೆ ತಾಗಿ ಎಲ್ಲ ವಾಪಸ್ಸು ಬರುತ್ತಿತ್ತು.

ಆ ಅರ್ಧ ನಿದ್ದೆಯಲ್ಲೇ ನಾನೊಂದು ತಪ್ಪು ಮಾಡಿದೆ. ಒಂದು ದಿನವಲ್ಲ, ಎರಡು ವಾರ. ಅದರಿಂದ ನಮ್ಮ ಯಜಮಾನರ ಕೈಯಲ್ಲಿದ್ದ ಕಾರಿನ ಕೀ ಹೋಯಿತು.

ಇದು ಮೆಟ್ರೋ ನಮ್ಮ ಕಡೆಗೆ ಬಂದು ಒಂದೆರಡು ವರ್ಷವಾದಾಗಿನ ಮಾತು. ಯಜಮಾನರು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಡ್ರೈವರಾಗಿದ್ದವರು. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದೆವು. ಆಗಿನ ಸರ್ಕಾರಿ ಕಾರುಗಳು ಬಿಳಿ ಎಮ್ಮೆಗಳ ಹಾಗೆ. ಸ್ಟೀರಿಂಗು ತಿರುಗಿಸುವುದೆಂದರೆ ರುಬ್ಬುವ ಕಲ್ಲಿನಲ್ಲಿ ಉದ್ದಿನಬೇಳೆ ತಿರುವಿದ ಹಾಗೆ. ಸಾಹೇಬರು ಹಿಂದೆ ಕೂತು ಪೇಪರ್ ಓದುತ್ತಿದ್ದರು, ಇವರು ಮುಂದೆ ಕೂತು ರುಬ್ಬುತ್ತಿದ್ದರು. ಸಂಜೆ ಮನೆಗೆ ಬಂದರೆ ಅಂಗಿಯ ಎರಡು ಭುಜವೂ ಒದ್ದೆ.

ನಿವೃತ್ತಿಯಾದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಕಾರು ತೆಗೆದುಕೊಂಡರು. ಅದರಲ್ಲಿ ಪವರ್ ಸ್ಟೀರಿಂಗ್ ಇತ್ತು. ಅಂದರೆ ಚಕ್ರ ತಿರುಗಿಸಲು ನಮ್ಮ ತೋಳಿನ ಜೊತೆಗೆ ಒಂದು ಪಂಪು, ಒಂದಷ್ಟು ಎಣ್ಣೆ ಸೇರಿಕೊಂಡು ಕೆಲಸ ಮಾಡುತ್ತವೆ. ಮೊದಲ ದಿನ ಒಂದೇ ಬೆರಳಿನಿಂದ ತಿರುಗಿಸಿ ತೋರಿಸಿದರು.

"ನೋಡೇ ಇಲ್ಲಿ. ಬೆಣ್ಣೆ ಗಡಿಗೇಲಿ ಬೆರಳು ಆಡಿಸಿದ ಹಾಗೆ."

"ಈ ಬೆಣ್ಣೆ ಮೂವತ್ತು ವರ್ಷದ ಹಿಂದೆ ಎಲ್ಲಿತ್ತಂತೆ?" ಅಂದೆ.

ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದದ್ದು ಅವರೊಬ್ಬರಿಗೇ. ಮಗನಿಗೆ ಓಖ್ಲಾದಲ್ಲಿ ಬಟ್ಟೆ ರಫ್ತು ಮಾಡುವ ಕಂಪನಿಯ ಆಫೀಸಿನಲ್ಲಿ ಕೆಲಸ, ಕಂಪನಿ ಬಸ್ಸು ಬರುತ್ತಿತ್ತು. ಅವನು ಕಾರು ಕಲಿಯಲಿಲ್ಲ. ಅಪ್ಪನೇ ಕಲಿಸಲಿಲ್ಲ ಎನ್ನಬೇಕು. "ನನ್ನ ಮಗ ಹಿಂದಿನ ಸೀಟಲ್ಲಿ ಕೂರಬೇಕು" ಎನ್ನುವುದು ಅವರ ಹಟ. ಸೊಸೆ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡುವವಳು. ಹಾಗಾಗಿ ಒಂಬತ್ತು ವರ್ಷದ ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತರುವುದು ಯಜಮಾನರ ಕೆಲಸ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಜೇಬಿನಲ್ಲಿ ಪೆನ್ನು. ಅದೇ ಅವರ ಆಫೀಸು.

ಆ ವರ್ಷದ ಆಯುಧ ಪೂಜೆಯ ದಿನ ಕಾರು ತೊಳೆದು ಹಾರ ಹಾಕಿದೆವು. ಅವರು ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ ಇಟ್ಟು ಮುಗಿಸುತ್ತಿದ್ದರು. ನಾನು ಬಿಡಲಿಲ್ಲ.

"ತೆಗೀರಿ ಆ ಬಾನೆಟ್ಟನ್ನ. ಹೊರಗೆ ಮಿಂಚೋರಿಗೆ ಮಾತ್ರ ಪೂಜೆನಾ? ಒಳಗೆ ದುಡಿಯೋರು ಏನು ಪಾಪ ಮಾಡಿದ್ದಾರೆ?"

ಬಾನೆಟ್ಟು ಎತ್ತಿಸಿ, ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಕೈಗೆ ಸಿಕ್ಕಿದ ಕಬ್ಬಿಣಕ್ಕೆಲ್ಲ ಬೊಟ್ಟಿಟ್ಟೆ. ಯಾವುದು ಏನೆಂದು ನನಗೆ ಗೊತ್ತಿರಲಿಲ್ಲ. ಕಂಡದ್ದಕ್ಕೆಲ್ಲ ಇಟ್ಟೆ. ಒಂದು ದುಂಡನೆಯ ಕಬ್ಬಿಣಕ್ಕೆ ಮೂರು ಬೊಟ್ಟು ಇಟ್ಟದ್ದು ಮಾತ್ರ ನೆನಪಿತ್ತು. ಪಿಳ್ಳಾರಿ ಗಣಪನ ಹೊಟ್ಟೆಯ ಹಾಗೆ ಕಂಡಿತ್ತು ಅದು. ಆಮೇಲೆ ಬೂದುಗುಂಬಳಕಾಯಿಯೊಳಗೆ ಕುಂಕುಮ ತುಂಬಿ ಕಾರಿನ ಮುಂದೆ ಒಡೆದೆವು. ಗೇಟಿನ ಮುಂದಿನ ಸಿಮೆಂಟು ಕೆಂಪಾಯಿತು.

ಮಾರನೆಯ ಬೆಳಿಗ್ಗೆ ತೊಳೆದೆ. ಅದರ ಮಾರನೆಯ ಬೆಳಿಗ್ಗೆ ಕಾರಿನ ಮುಂದಿನ ಚಕ್ರದ ಹತ್ತಿರ ಮತ್ತೆ ನಾಲ್ಕಾರು ಕೆಂಪು ಹನಿ. ಸಿಮೆಂಟು ಕುಡಿದ ಕುಂಕುಮ ಮೇಲೆ ಬರುತ್ತಿದೆ ಅಂದುಕೊಂಡೆ. ಕಾರಿನ ಕೆಳಗೆ ಪೊರಕೆ ತೂರಿಸಿ ಉಜ್ಜಿದೆ. ಪಾರಿಜಾತದ ತೊಟ್ಟೂ ಕೆಂಪು, ಹನಿಯೂ ಕೆಂಪು, ನಿದ್ದೆಗಣ್ಣು ಬೇರೆ. ದಿನಾ ಕಾಣುತ್ತಿತ್ತು, ದಿನಾ ಸೋಪಿನ ಪುಡಿ ಹಾಕಿ ತೊಳೆಯುತ್ತಿದ್ದೆ, ಮುಂದೆ ಅಕ್ಕಿ ಹಿಟ್ಟಿನಲ್ಲಿ ರಂಗೋಲಿ ಬಿಡುತ್ತಿದ್ದೆ. ಯಜಮಾನರು ಎದ್ದು ಹೊರಗೆ ಬರುವ ಹೊತ್ತಿಗೆ ನೆಲ ಹೊಳೆಯುತ್ತಿತ್ತು. ಡ್ರೈವರಿನ ಕಣ್ಣಿಗೆ ಬೀಳಬೇಕಾದದ್ದನ್ನು ಡ್ರೈವರಿನ ಹೆಂಡತಿ ದಿನಾ ಅಳಿಸುತ್ತಿದ್ದಳು.

ಅವರಾದರೂ ನೋಡಬೇಕಿತ್ತಲ್ಲ ಎಂದರೆ, ಪ್ರತಿ ಭಾನುವಾರ ಬಾನೆಟ್ಟು ಎತ್ತಿ ಎಂಜಿನ್ ಆಯಿಲ್ ನೋಡುತ್ತಿದ್ದರು, ರೇಡಿಯೇಟರಿನ ನೀರು ನೋಡುತ್ತಿದ್ದರು. ಸ್ಟೀರಿಂಗಿಗೂ ಒಂದು ಎಣ್ಣೆಯ ಡಬ್ಬಿ ಇರುತ್ತದೆ, ಅದನ್ನೂ ನೋಡಬೇಕು ಎನ್ನುವುದು ಅವರ ಮೂವತ್ತು ವರ್ಷದ ಅಭ್ಯಾಸದಲ್ಲಿ ಇರಲಿಲ್ಲ.

ಸ್ವಲ್ಪ ದಿನಕ್ಕೆ ರಾತ್ರಿ ಊಟವಾದ ಮೇಲೆ ಭುಜ ಹಿಡಿದುಕೊಂಡು ಕೂರಲು ಶುರು ಮಾಡಿದರು.

"ಏನಾಯಿತು?"

"ಏನಿಲ್ಲ. ಹಿಡಿದಿದೆ."

ಬಿಸಿ ಎಣ್ಣೆ ತಿಕ್ಕಿದೆ. ಬೆಳಿಗ್ಗೆ ಕಾರು ತಿರುಗಿಸುವಾಗ ಕರುವನ್ನು ಕಾಣದ ಹಸುವಿನ ಹಾಗೆ ಊಂ ಎನ್ನುವ ಸದ್ದು ಕೇಳುತ್ತಿತ್ತು. ಚಳಿ ಶುರುವಾಗುತ್ತಿದೆ, ಗಾಡಿಗೂ ಮೈಕೈ ನೋವು ಅಂದುಕೊಂಡೆ. ಅವರು ಏನಂದುಕೊಂಡರೋ ಆಗ ಹೇಳಲಿಲ್ಲ. ಆಮೇಲೆ ತಿಳಿಯಿತು. ಭಾರದ ಸ್ಟೀರಿಂಗು ಅವರಿಗೆ ಹೊಸದಲ್ಲ. ಜೀವಮಾನವಿಡೀ ತಿರುಗಿಸಿದ ಭಾರವನ್ನು ಈಗ ತಿರುಗಿಸಲಾಗುತ್ತಿಲ್ಲ ಎಂದರೆ ತೋಳೇ ಹೋಯಿತು ಅಂದುಕೊಂಡಿದ್ದರು. ಕಾರಿನ ಮೇಲೆ ಅನುಮಾನವೇ ಬರಲಿಲ್ಲ. ನಮ್ಮ ಕಾಲದವರು ಹಾಗೆಯೇ, ಮೊದಲು ತಮ್ಮನ್ನೇ ಬೈದುಕೊಳ್ಳುತ್ತಾರೆ.

ದೀಪಾವಳಿಗೆ ಇನ್ನೂ ಒಂದು ವಾರವಿತ್ತು. ಸೋಮವಾರ ಸ್ಕೂಲಿನಿಂದ ಬರುವಾಗ ಗಲ್ಲಿಯ ತಿರುವಿನಲ್ಲಿ ಕಾರು ತಿರುಗದೆ ಪಾರ್ಕಿನ ಕಬ್ಬಿಣದ ಬೇಲಿಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ಬಾಗಿಲಿನ ಉದ್ದಕ್ಕೆ ಒಂದು ಗೀರು, ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ಬಾಯಿ ಬಿಟ್ಟಳು.

"ಪಪ್ಪಾ, ತಾತನ ಕೈ ಹೀಗೆ ಹೀಗೆ ಕಾಂಪ್ ರಹಾ ಥಾ, ನಡುಗ್ತಿತ್ತು. ಸ್ಟೀರಿಂಗ್ ಘೂಮಾ ಹೀ ನಹೀ, ತಿರುಗಲೇ ಇಲ್ಲ."

ಮಗ ತುತ್ತು ಕೆಳಗಿಟ್ಟ. "ಅಪ್ಪಾ, ನಿಜವಾ?"

"ಹೌದು" ಅಂದರು ಇವರು. ಸುಳ್ಳು ಹೇಳಿ ಗೊತ್ತಿಲ್ಲ ಅವರಿಗೆ.

"ಸಾಕು ಅಪ್ಪಾ ಇನ್ನು. ಅವಳು ವ್ಯಾನಿನಲ್ಲಿ ಹೋಗಲಿ. ಕಾರು ಸುಮ್ಮನೆ ನಿಲ್ಲಿಸಿಕೊಂಡು ಏನು ಮಾಡೋಣ? ಆಫೀಸಿನಲ್ಲಿ ಒಬ್ಬರು ಕೇಳ್ತಿದ್ದರು, ಭಾನುವಾರ ಬಂದು ನೋಡಲಿ."

ನಾನಾದರೂ ಸುಮ್ಮನಿರಬಹುದಿತ್ತು. "ಅವನು ಹೇಳೋದು ಸರಿ. ಕೈ ಸೋತ ಮೇಲೆ ಬಿಡಬೇಕು. ಮಗು ಕೂರೋ ಗಾಡಿ ಅದು" ಅಂದೆ. ಇವರು ಒಮ್ಮೆ ನನ್ನ ಮುಖ ನೋಡಿದರು. ಕೀ ತೆಗೆದು ಮಗನ ತಟ್ಟೆಯ ಪಕ್ಕ ಇಟ್ಟರು. ಮಗ ಅದನ್ನು ಫ್ರಿಜ್ಜಿನ ಮೇಲೆ ಇಟ್ಟ. ಅಲ್ಲಿಂದ ಎರಡು ದಿನ ಯಾರೂ ಅದನ್ನು ಮುಟ್ಟಲಿಲ್ಲ.

ಆ ಎರಡು ದಿನವೂ ಅವರು ಇಸ್ತ್ರಿ ಅಂಗಿ ಹಾಕಿಕೊಂಡು ತಯಾರಾಗುತ್ತಿದ್ದರು. ಮೊಮ್ಮಗಳು ವ್ಯಾನು ಹತ್ತಿದ ಮೇಲೆ ಕಾರಿನ ಪಕ್ಕ ಹೋಗಿ ಹೂವು ಹೆಕ್ಕಿ ತೆಗೆಯುತ್ತಿದ್ದರು, ಒಂದೊಂದಾಗಿ. ಗುಡಿಸಿ ಹಾಕಬಹುದಲ್ಲ ಎಂದರೆ ಬಗ್ಗಿ ಇನ್ನೊಂದು ಹೂವು ಹೆಕ್ಕುತ್ತಿದ್ದರು.

ಬುಧವಾರ ಮಧ್ಯಾಹ್ನ ಟೆರೇಸಿನ ಬಿಸಿಲಿನಲ್ಲಿ ಮಲಗಿದ್ದೆ. ಈ ಊರಿನ ಚಳಿಗಾಲದ ಮೊದಲ ಬಿಸಿಲು ಅಫೀಮಿನ ಹಾಗೆ, ಮೈಮೇಲೆ ಬಿದ್ದರೆ ಏಳಲು ಬಿಡುವುದಿಲ್ಲ. ಒಂದು ಕನಸು ಬಿತ್ತು. ಆ ಹಳೆಯ ಬಿಳಿ ಸರ್ಕಾರಿ ಕಾರು ರಸ್ತೆಯಿಲ್ಲದ ಕಡೆ, ಬರೀ ಬಿಳುಪಿನ ಮೇಲೆ ತೇಲಿಕೊಂಡು ಹೋಗುತ್ತಿದೆ. ಇವರು ಮುಂದೆ ಕೂತಿದ್ದಾರೆ. ಕೈಯಲ್ಲಿರುವುದು ಸ್ಟೀರಿಂಗಲ್ಲ, ನಮ್ಮ ಅತ್ತೆಯ ಮನೆಯ ರುಬ್ಬುಗುಂಡು. ತಿರುಗಿಸುತ್ತಲೇ ಇದ್ದಾರೆ, ಕಲ್ಲಿನಿಂದ ಹಿಟ್ಟು ಉಕ್ಕುತ್ತಿದೆ, ಹಿಟ್ಟು ಕೆಂಪಗಿದೆ. ನಾನು ಹಿಂದಿನ ಸೀಟಿನಲ್ಲಿ ಸಾಹೇಬರ ಹಾಗೆ ಕೂತು, ಹಿಟ್ಟು ಚೆಲ್ಲುತ್ತಿದೆ ನೋಡಿ ಎನ್ನಬೇಕು, ಮಾತು ಬರುತ್ತಿಲ್ಲ.

ಕೆಳಗೆ ಗೇಟಿನ ಸದ್ದಾಗಿ ಎಚ್ಚರವಾಯಿತು. ಗ್ಯಾಸಿನವನು ತುಂಬಿದ ಸಿಲಿಂಡರನ್ನು ಗೇಟಿನಲ್ಲೇ ಇಟ್ಟು ಹೋಗಿದ್ದ. ಟೆರೇಸಿನಿಂದ ಬಗ್ಗಿ ನೋಡಿದೆ. ಇವರು ಸಿಲಿಂಡರನ್ನು ಹೆಗಲಿಗೆ ಎತ್ತಿಕೊಂಡು, ಎಲ್ಲೂ ಇಳಿಸದೆ, ನಡುಗದೆ, ಅಡುಗೆಮನೆಗೆ ಹೋದರು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಆದರೆ ಇಷ್ಟು ಲೆಕ್ಕ ಬರುತ್ತದೆ. ಸಿಲಿಂಡರ್ ಎತ್ತುವ ತೋಳು ಬೆಣ್ಣೆಯಲ್ಲಿ ಬೆರಳಾಡಿಸಲು ಏಕೆ ಸೋಲುತ್ತದೆ?

ಗುರುವಾರ ಬೆಳಿಗ್ಗೆ ಪೂರ್ತಿ ಎಚ್ಚರವಾಗಿ ಗೇಟಿಗೆ ಹೋದೆ. ಬಿಳುಪು ಹಾಗೆಯೇ ಇತ್ತು, ಹೂವು ಹಾಗೆಯೇ ಇತ್ತು. ಕಾರಿನ ಕೆಳಗೆ ಕೆಂಪು ಇರಲಿಲ್ಲ. ಮಂಗಳವಾರ ಒಂದೆರಡು ಹನಿ ಇತ್ತು, ಬುಧವಾರ ಒಂದು, ಇವತ್ತು ಇಲ್ಲ. ಸಿಮೆಂಟಿನಿಂದ ಬರುವ ಕುಂಕುಮಕ್ಕೆ ಕಾರು ಓಡಿದರೇನು, ನಿಂತರೇನು? ಮಂಡಿಯೂರಿ ಚಕ್ರದ ಹಿಂದೆ ಕೈ ತೂರಿಸಿದೆ. ತಗಡು ಒದ್ದೆಯಾಗಿತ್ತು. ಬೆರಳಿಗೆ ಬಂದದ್ದು ಕೆಂಪು, ಆದರೆ ಜಾರುತ್ತಿತ್ತು. ಮೂಸಿದೆ. ಕರಿದು ಕರಿದು ಸುಟ್ಟ ಎಣ್ಣೆಯ ವಾಸನೆ. ಯಾವ ದೇವಸ್ಥಾನದ ಕುಂಕುಮವೂ ಹೀಗೆ ನಾರುವುದಿಲ್ಲ.

ಫ್ರಿಜ್ಜಿನ ಮೇಲಿನ ಕೀ ತಂದು ಅವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ.

"ಅವನು ಬೇಡ ಅಂದಿದ್ದಾನೆ."

"ಓಡಿಸಿ ಅನ್ನಲಿಲ್ಲ ನಾನು. ನಿಂತಲ್ಲೇ ಶುರು ಮಾಡಿ, ಆ ಕಡೆ ಈ ಕಡೆ ತಿರುಗಿಸಿ."

"ಯಾಕೆ?"

"ನಾನು ಹೇಳ್ತೀನಿ ಅಂತ. ಎದ್ದೇಳಿ."

ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿದೆ. ಅವರು ಎಂಜಿನ್ ಶುರು ಮಾಡಿ ತಿರುಗಿಸಿದರು, ಹಸು ಕೂಗಿತು. ಪೇಪರಿನ ಮೇಲೆ ಟಪ್ ಎಂದು ಒಂದು ಹನಿ, ಆಮೇಲೆ ಇನ್ನೊಂದು. ಪೇಪರ್ ಎಳೆದು ಕಿಟಕಿಯ ಹತ್ತಿರ ಹಿಡಿದೆ. ಅವರು ಎಂಜಿನ್ ನಿಲ್ಲಿಸಿದರು. ಹನಿಯನ್ನು ಬೆರಳಿನಿಂದ ಮುಟ್ಟಿ ತಿಕ್ಕಿ ನೋಡಿದರು.

"ಇದು ಸ್ಟೀರಿಂಗ್ ಎಣ್ಣೆ ಕಣೇ" ಅಂದರು. ಇಳಿದು ಬಾನೆಟ್ಟು ಎತ್ತಿ, ಹುಡುಕಿ, ಒಂದು ಸಣ್ಣ ಡಬ್ಬಿಯ ಮುಚ್ಚಳ ಬಿಚ್ಚಿದರು. ತಳದಲ್ಲಿ ಅಂಟಿಕೊಂಡಷ್ಟು ಇತ್ತು. "ಇಷ್ಟು ದಿನ ಒಂದು ಹನಿಯೂ ಕೆಳಗೆ ಕಾಣಲಿಲ್ಲವಲ್ಲ."

ಎರಡು ವಾರ ತೊಳೆದದ್ದು ನಾನು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಳಗೆ ಹೋಗಿ ಕಾಫಿಗೆ ಇಟ್ಟೆ.

ಶನಿವಾರ ಮಗನಿಗೆ ರಜೆ. ಸೆಕ್ಟರ್ ಮಾರ್ಕೆಟ್ಟಿನ ಬೇವಿನ ಮರದ ಕೆಳಗೆ ಅಂಗಡಿ ಇಟ್ಟುಕೊಂಡಿದ್ದ ಮೆಕ್ಯಾನಿಕ್ಕನ್ನು ಕರೆಸಿದೆವು. ಐವತ್ತು ದಾಟಿದ ಮನುಷ್ಯ, ಆಗಲೇ ಸ್ವೆಟರ್ ಹಾಕಿಕೊಂಡಿದ್ದ. ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟು, ನಾಲಿಗೆ ಕ್ಲಿಕ್ಕೆನಿಸಿ, ಮಗನ ಕಡೆ ತಿರುಗಿದ.

"ಪಂಪ್ ಗಯಾ, ಸಾಬ್. ನೋಡಿ, ಪಂಪಿನ ಮೈಯೆಲ್ಲ ಕೆಂಪು. ಹೊಸದು ಹಾಕಬೇಕು."

"ಬಹಳ ಆಗತ್ತಾ?"

"ಈ ಗಾಡಿಗೆ ಹಾಕಿದರೆ ದಂಡ."

ಮಗ ಅಪ್ಪನ ಕಡೆ ನೋಡದೆ, "ಹಾಗಾದರೆ ಬಿಡಿ. ನಾಳೆ ನೋಡೋಕೆ ಬರೋರಿಗೆ ಇದ್ದಿದ್ದು ಇದ್ದ ಹಾಗೆ ಹೇಳಿ ಕೊಟ್ಟುಬಿಡೋಣ" ಅಂದ. ಯಜಮಾನರು ತಲೆಯಾಡಿಸಿದರು. ಯಾರ ಮಾತಿಗಾದರೂ ತಲೆಯಾಡಿಸಿ ಅಭ್ಯಾಸ ಅವರಿಗೆ, ಮೂವತ್ತು ವರ್ಷ ಹಿಂದಿನ ಸೀಟಿನ ಮಾತು ಕೇಳಿದವರು.

ನಾನು ಮುಂದೆ ಹೋಗಿ ಇಣುಕಿದೆ. ಅವನು ತೋರಿಸುತ್ತಿದ್ದದ್ದು ನನ್ನ ಪಿಳ್ಳಾರಿಯ ಹೊಟ್ಟೆಯನ್ನು.

"ಭಯ್ಯಾ, ಇದು ಎಣ್ಣೆಯಲ್ಲ. ನಾನೇ ಹಚ್ಚಿದ ಕುಂಕುಮ."

"ಪಂಪಿಗೆ ಕುಂಕುಮ?"

"ಮೂರು ಬೊಟ್ಟು."

ಅವನು ನನ್ನನ್ನೊಮ್ಮೆ, ಪಂಪನ್ನೊಮ್ಮೆ ನೋಡಿದ. "ಮಾತಾಜಿ, ನಾನು ಪಂಪ್ ಬದಲಾಯಿಸಿದವರನ್ನು ನೋಡಿದ್ದೇನೆ. ಪಂಪಿಗೆ ಮದುವೆ ಮಾಡಿಸಿದವರನ್ನು ಇವತ್ತೇ ನೋಡಿದ್ದು." ಬೆರಳಿನಿಂದ ಒರೆಸಿ ತಿಕ್ಕಿದ. "ಇದು ಸಿಂಧೂರ, ಒಪ್ಪಿದೆ. ಆದರೆ ಎಣ್ಣೆಯೂ ಬೆರೆತಿದೆ. ಎಲ್ಲಿಂದ ಹಾರಿ ಬಿತ್ತೋ. ಎಲ್ಲ ಕಡೆ ಒದ್ದೆ, ಗೊತ್ತಾಗುವುದು ಹೇಗೆ?"

"ಎಲ್ಲ ಒರೆಸು. ಒಣಗಿಸು. ಆಮೇಲೆ ಹಿಟ್ಟು ಹಾಕೋಣ."

"ಹಿಟ್ಟಾ?"

"ನೆಲ ಆರಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗಲ್ಲ. ಹಿಟ್ಟಿಗೆ ಗೊತ್ತಾಗತ್ತೆ. ಒಂದಿಷ್ಟು ಪಸೆ ಇದ್ದರೂ ಅಲ್ಲಿ ಬಿಳಿ ಕಪ್ಪಗಾಗತ್ತೆ. ಐವತ್ತು ವರ್ಷದಿಂದ ದಿನಾ ನೋಡ್ತಿದ್ದೀನಿ."

ಅವನು ನಗುವುದನ್ನು ನಿಲ್ಲಿಸಿದ. "ಅಚ್ಛಾ. ಕೆಲಸ ಕಲಿಸಿದ ನಮ್ಮ ಉಸ್ತಾದರು ಪೌಡರ್ ಹಾಕುತ್ತಿದ್ದರು. ಮರೆತೇ ಹೋಗಿತ್ತು. ನಿಮ್ಮ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇಲ್ಲ ತಾನೆ? ಬೇರಿಂಗ್ ಹಾಳಾಗುತ್ತದೆ."

"ಅಕ್ಕಿ. ತಿಂದು ನೋಡು ಬೇಕಾದರೆ."

ಅವನು ಸೀಮೆಎಣ್ಣೆಯ ಬಟ್ಟೆಯಲ್ಲಿ ಪಂಪು, ಕೊಳವೆ, ತಗಡು ಎಲ್ಲವನ್ನೂ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದ. ಬಿಸಿಲಿಗೆ ಬಿಟ್ಟೆವು. ಡಬ್ಬಿಗೆ ಹೊಸ ಕೆಂಪು ಎಣ್ಣೆ ತುಂಬಿದ. ನಾನು ರಂಗೋಲಿಯ ಡಬ್ಬ ತಂದು, ಎರಡು ಬೆರಳಲ್ಲಿ ಹಿಟ್ಟು ಹಿಡಿದು, ಅವನು ತೋರಿಸಿದ ಕಡೆಗೆಲ್ಲ ಉದುರಿಸಿದೆ. ಕಪ್ಪು ಕಬ್ಬಿಣದ ಮೇಲೆ ಆ ಬಿಳುಪು ಇಳಿದು ಕೂತಾಗ ಬೆಳಗಿನ ಗಲ್ಲಿಯೇ ಒಳಗೆ ಬಂದ ಹಾಗಿತ್ತು. ಎಲ್ಲ ಮುಚ್ಚಿಕೊಂಡು, ಎಲ್ಲ ಮೆತ್ತಗಾಗಿ.

"ಬೆಲ್ಟಿನಿಂದ ಕೈ ದೂರ ಇಡಿ" ಎಂದು ನನಗೆ ಹೇಳಿ, "ಬಾವುಜಿ, ಶುರು ಮಾಡಿ. ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ತುದಿಯಲ್ಲಿ ಹಿಡಿದಿಡಬೇಡಿ" ಎಂದ.

ಯಜಮಾನರು ಕೂತು ತಿರುಗಿಸಿದರು. ಮಗ, ನಾನು, ಮೆಕ್ಯಾನಿಕ್ಕು ಮೂವರೂ ಬಗ್ಗಿ ನೋಡುತ್ತಿದ್ದೆವು. ಹಿಟ್ಟು ನಡುಗುತ್ತಿತ್ತು. ಪಂಪು ಬೆಳ್ಳಗೆಯೇ ಇತ್ತು. ಎಂಜಿನ್ನಿನ ಗುಂಯ್ ಸದ್ದಿನಲ್ಲಿ ಎಷ್ಟು ಹೊತ್ತು ಹೋಯಿತೋ ತಿಳಿಯಲಿಲ್ಲ. ನಾನು ಪಂಪಿನ ಮೇಲೆ ಕಣ್ಣು ಕೀಳಲಿಲ್ಲ. ಅದೇ ಹೋಗಿದ್ದರೆ ನಾಳೆ ಕಾರು ಹೋಗುತ್ತಿತ್ತು, ಕಾರಿನ ಜೊತೆಗೆ ಇಸ್ತ್ರಿ ಅಂಗಿಯೂ.

ಆಗ ಪಂಪಿನಿಂದ ಹೊರಟ ದಪ್ಪ ರಬ್ಬರ್ ಪೈಪು ಕಬ್ಬಿಣದ ಕೊಳವೆಗೆ ಸೇರುವ ಕಡೆ, ಅದನ್ನು ಹಿಡಿದ ಲೋಹದ ಪಟ್ಟಿಯ ಅಂಚಿನಲ್ಲಿ, ಬಿಳಿಯ ನಡುವೆ ಸಾಸಿವೆಯಷ್ಟು ಕೆಂಪು ಕಂಡಿತು. ಮೆಣಸಿನಷ್ಟಾಯಿತು. ಆಮೇಲೆ ಯಾರೋ ಬೆರಳಿನಿಂದ ಇಟ್ಟ ಹಾಗೆ ದುಂಡನೆಯ ಬೊಟ್ಟು.

"ಲೋ ಜೀ, ಸಿಕ್ಕಿತು" ಎಂದ ಮೆಕ್ಯಾನಿಕ್ಕು. "ಪೈಪು. ತಿರುಗಿಸುವ ಜೋರು ಬಿದ್ದಾಗ ಮಾತ್ರ ಎಣ್ಣೆ ಬಿಡುತ್ತದೆ, ಗಾಳಿಗೆ ಹಾರಿ ಪಂಪಿನ ಮೇಲೆ ಕೂರುತ್ತದೆ. ಪಂಪಿಗೆ ಏನೂ ಆಗಿಲ್ಲ."

ಮಗ ನೆಟ್ಟಗೆ ನಿಂತ. "ಅಂದರೆ ಸ್ಟೀರಿಂಗ್ ಭಾರವಾಗಿದ್ದು ಇದಕ್ಕೇನಾ? ಅಪ್ಪನ ಕೈ ಅಲ್ಲವಾ?"

"ಎಣ್ಣೆಯಿಲ್ಲದೆ ಈ ಗಾಡಿ ತಿರುಗಿಸಿದ್ದಾರೆಂದರೆ, ಬಾವುಜಿಯ ಕೈ ನನಗೆ ಕೊಡಿಸಿ" ಎಂದ ಮೆಕ್ಯಾನಿಕ್ಕು.

ಮಧ್ಯಾಹ್ನ ಮಾರ್ಕೆಟ್ಟಿನಿಂದ ಹೊಸ ಪೈಪು ತಂದು ಹಾಕಿದ. ಹಳೆಯದನ್ನು ಬಿಚ್ಚುವಾಗ ಉಳಿದ ಎಣ್ಣೆಯನ್ನು ತಟ್ಟೆಗೆ ಹಿಡಿದ. ವಾಷರುಗಳನ್ನೂ ಹೊಸದು ಹಾಕಿದ. ಮುಂದಿನ ಚಕ್ರಗಳನ್ನು ಜ್ಯಾಕಿನ ಮೇಲೆ ಎತ್ತಿ, ಅಡಿಗೆ ಆಧಾರ ಕೊಟ್ಟು, ಎಂಜಿನ್ ಶುರು ಮಾಡದೆಯೇ ನಿಧಾನವಾಗಿ ತಿರುಗಿಸಲು ಹೇಳಿದ. ಪೈಪಿನೊಳಗೆ ಸಿಕ್ಕ ಗಾಳಿ ಹೊರಗೆ ಬರಬೇಕಂತೆ. ಯಜಮಾನರು ಎಡಕ್ಕೆ, ಬಲಕ್ಕೆ ತಿರುಗಿಸುತ್ತಿದ್ದರು. ಡಬ್ಬಿಯ ಕೆಂಪಿನಲ್ಲಿ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಎಣ್ಣೆ ಇಳಿದಾಗ ಮೆಕ್ಯಾನಿಕ್ಕು ಮತ್ತಷ್ಟು ಸುರಿಯುತ್ತಿದ್ದ. ಗುಳ್ಳೆ ಕಾಯುವ ಕೆಲಸ ನನಗೆ. ಬಿಸಿಲು ಇಳಿಯುತ್ತಿತ್ತು, ಎಲ್ಲೋ ಯಾರೋ ಒಣಗಿದ ಎಲೆ ಸುಡುತ್ತಿದ್ದರು, ಗುಳ್ಳೆಗಳು ಒಂದೊಂದೇ ಕಡಿಮೆಯಾಗುತ್ತಿದ್ದವು. ಕೊನೆಯದು ಒಡೆದ ಮೇಲೆ ಎಣ್ಣೆ ಕನ್ನಡಿಯಾಯಿತು. ಅದರಲ್ಲಿ ಒಂದು ಮುದುಕಿಯ ಮುಖ ಇತ್ತು.

"ಆಯಿತು" ಅಂದೆ.

ಎಂಜಿನ್ ಶುರು ಮಾಡಿ ಮತ್ತೆ ತಿರುಗಿಸಿದಾಗ ಹಸು ಕೂಗಲಿಲ್ಲ. ಚಕ್ರ ನೆಲಕ್ಕೆ ಇಳಿಸಿದ ಮೇಲೆ ಅವರು ಒಂದು ಬೆರಳಿಟ್ಟರು. ತಿರುಗಿತು. ಇನ್ನೊಂದು ಸಲ ತಿರುಗಿಸಿದರು. ಮಗ ಹಿಂದಿನ ಬಾಗಿಲಿಗೆ ಹೋಗುತ್ತಿದ್ದವನು ನಿಂತು, ಮುಂದಿನ ಬಾಗಿಲು ತೆಗೆದು ಅಪ್ಪನ ಪಕ್ಕ ಕೂತ.

"ಚಲೋ ಅಪ್ಪಾ, ಒಂದು ರೌಂಡು."

ಬೇಲಿಯ ತಿರುವಿನ ಕಡೆಗೇ ಹೋದರು. ವಾಪಸ್ಸು ಬಂದಾಗ ಮಗ ಕೀ ತೆಗೆದುಕೊಳ್ಳಲಿಲ್ಲ. ಫ್ರಿಜ್ಜಿನ ಮೇಲೆ ಕೀ ಇದ್ದ ಜಾಗದಲ್ಲಿ ಹಾಲಿನ ಚೀಟಿ ಇಟ್ಟ.

ಸಂಜೆ ನಾನು ಹೇಳಿದೆ. "ಹನಿ ದಿನಾ ಇತ್ತು. ಕುಂಕುಮ ಅಂತ ತೊಳೆದೆ. ಎರಡು ವಾರ. ಆಮೇಲೆ ಕೈ ಸೋತಿದೆ ಅಂತ ನಾನೇ ಅಂದೆ."

ಅವರು ಕಾಫಿ ಮುಗಿಸಿದರು. "ಕಾರಿನ ಕೆಳಗೆ ಬಗ್ಗಿ ನೋಡದ ಡ್ರೈವರ್ ನಾನು. ನೀನು ಪೊರಕೆ ಹಿಡಿದಾದರೂ ಬಗ್ಗಿದೆ." ಲೋಟ ಕೆಳಗಿಟ್ಟು, "ಸೋತಿದೆ ಅಂದೆಯಲ್ಲ, ಅದು ಸ್ವಲ್ಪ ಜಾಸ್ತಿಯಾಯಿತು" ಅಂದರು.

"ಹೌದು, ಜಾಸ್ತಿಯಾಯಿತು" ಅಂದೆ. ಇದಕ್ಕಿಂತ ಹೆಚ್ಚು ನಮ್ಮಲ್ಲಿ ಮಾತಿಲ್ಲ.

ಭಾನುವಾರ ಹತ್ತು ಗಂಟೆಗೆ ಕಾರು ನೋಡಲು ಒಬ್ಬರು ಬಂದರು. ಬರಬೇಡಿ ಎಂದು ಹೇಳಲು ಮಗ ಮರೆತಿದ್ದ. ಗೇಟಿನಲ್ಲಿ ನಿಂತು ಖಾಲಿ ಜಾಗವನ್ನೂ ಅದರ ಸುತ್ತ ಬಿದ್ದ ಹೂವನ್ನೂ ನೋಡಿದರು.

"ಗಾಡಿ ಎಲ್ಲಿ, ಮಾತಾಜಿ?"

"ಓಡಿಸುವವರು ತೆಗೆದುಕೊಂಡು ಹೋಗಿದ್ದಾರೆ. ಮೊಮ್ಮಗಳಿಗೆ ದೀಪಾವಳಿಗೆ ಬಟ್ಟೆ ತರೋಕೆ."

"ಯಾವಾಗ ಬರ್ತಾರೆ?"

"ಹೇಳೋಕಾಗಲ್ಲ. ಚಹಾ ಕುಡೀತೀರಾ?"

ಅವರು ಕುಡಿಯದೆ ಹೋದರು.

ಅಂದು ರಾತ್ರಿಯಿಂದ ಯಜಮಾನರು ಕಾರಿನ ಕೆಳಗೆ ಒಂದು ರಟ್ಟು ಹಾಸಲು ಶುರು ಮಾಡಿದರು. "ಮೊದಲು ರಟ್ಟು ನೋಡು, ಆಮೇಲೆ ನೀರು ಹಾಕು" ಎಂದು ನನಗೆ ಅಪ್ಪಣೆ. ಸೋಮವಾರ ಬೆಳಿಗ್ಗೆ ಆ ಬಿಳುಪಿನೊಳಗೆ ಬಗ್ಗಿ ರಟ್ಟು ಎಳೆದೆ. ಕೆಂಪಗೆ ಏನೋ ಕಂಡಿತು. ಬೆರಳಿನಿಂದ ಮುಟ್ಟಿದೆ. ಜಾರಲಿಲ್ಲ. ಪಾರಿಜಾತದ ತೊಟ್ಟು. ರಟ್ಟು ಝಾಡಿಸಿ ಗೋಡೆಗೆ ಒರಗಿಸಿ, ನೀರು ಚೆಲ್ಲಿದೆ.